ಹಳೆ ಲೆಡ್ಜರ್ ಮುಚ್ಚುವ ದಿನ: ಕಂಪನಿಯ ಮಾಹಿತಿ ವ್ಯವಸ್ಥೆ ಬದಲಿಸುವ ಮುನ್ನ

ಕಂಪನಿಯ ಮಾಹಿತಿ ವ್ಯವಸ್ಥೆ ಎಂದರೆ ಸರ್ವರು, ಸಾಫ್ಟ್‌ವೇರು ಅಷ್ಟೇ ಅಲ್ಲ. ಗೇಟಿನಲ್ಲಿ ವಾಚ್‌ಮನ್ ಬರೆದುಕೊಳ್ಳುವ ಲಾರಿ ನಂಬರು, ಗೋದಾಮಿನ ಸ್ಟಾಕ್ ಪುಸ್ತಕ, ಹಾಜರಿ ಯಂತ್ರದ ಮೇಲೆ ಒತ್ತುವ ಬೆರಳು, ಲೆಕ್ಕದ ಕೋಣೆಯ ಟ್ಯಾಲಿ, ತಿಂಗಳ ಕೊನೆಗೆ ಮ್ಯಾನೇಜರ ಮೇಜಿಗೆ ಬರುವ ಒಂದು ಹಾಳೆಯ ವರದಿ, ಇಷ್ಟೂ ಸೇರಿದರೆ ಅದು ವ್ಯವಸ್ಥೆ. ಕೆಳಗೆ ದಿನದ ವ್ಯವಹಾರ ದಾಖಲಾಗುತ್ತದೆ. ಅದನ್ನು ಕೂಡಿಸಿ, ವಿಂಗಡಿಸಿ, ಮೇಲಿನವರು ಒಂದು ತೀರ್ಮಾನಕ್ಕೆ ಬರುವಂತೆ ಮಾಡುವುದು ಅದರ ಕೆಲಸ.

ಕೋಲಾರ ತಾಲ್ಲೂಕಿನ ಹುತ್ತೂರು ಹೋಬಳಿಯ ಸುತ್ತಮುತ್ತ ಇಂಥ ವ್ಯವಸ್ಥೆಯ ಎಲ್ಲ ತಲೆಮಾರುಗಳೂ ಒಟ್ಟಿಗೆ ಕಾಣಸಿಗುತ್ತವೆ. ಹಾಲಿನ ಡೇರಿಯಲ್ಲಿ ಫ್ಯಾಟ್ ಅಳೆಯುವ ಯಂತ್ರಕ್ಕೆ ಕಂಪ್ಯೂಟರ್ ಜೋಡಿಸಿದೆ. ಟೊಮೆಟೊ ಮಂಡಿಯಲ್ಲಿ ಉದ್ದನೆಯ ಪುಸ್ತಕ ಇನ್ನೂ ಇದೆ. ಅದೇ ತಾಲ್ಲೂಕಿನ ನರಸಾಪುರ, ವೇಮಗಲ್ ಕೈಗಾರಿಕಾ ಪ್ರದೇಶಗಳಲ್ಲಿ ಹೋಂಡಾದಂಥ ದೊಡ್ಡ ಕಾರ್ಖಾನೆಗಳಿವೆ, ಅವುಗಳಿಗೆ ಬಿಡಿಭಾಗ, ಪೆಟ್ಟಿಗೆ, ಫೋಮು ಒದಗಿಸುವ ಸಣ್ಣ ಘಟಕಗಳಿವೆ. ತೊಡಕು ಹೆಚ್ಚಾಗಿ ಕಾಣುವುದು ಈ ಸಣ್ಣ, ಮಧ್ಯಮ ಘಟಕಗಳಲ್ಲಿ. ಹತ್ತು ವರ್ಷದ ಹಿಂದೆ ಹಾಕಿಸಿದ ಸಾಫ್ಟ್‌ವೇರ್ ಓಡುತ್ತಲೇ ಇರುತ್ತದೆ, ಆದರೆ ಯಾರೂ ಅದನ್ನು ನಂಬುವುದಿಲ್ಲ. ಇವತ್ತು ಎಷ್ಟು ಮಾಲಿದೆ ಎಂದು ಮಾಲೀಕರು ಕೇಳಿದರೆ ಗೋದಾಮಿನವರು ಒಂದು ಅಂಕಿ, ಲೆಕ್ಕದವರು ಇನ್ನೊಂದು, ಸೂಪರ್‌ವೈಸರ್ ತನ್ನ ಎಕ್ಸೆಲ್ ಶೀಟ್ ತೆರೆದು ಮತ್ತೊಂದು ಹೇಳುತ್ತಾರೆ. ಒಂದೇ ಪ್ರಶ್ನೆಗೆ ಮೂರು ಉತ್ತರ ಬರತೊಡಗಿದರೆ ವ್ಯವಸ್ಥೆ ಬದಲಿಸುವ ಕಾಲ ಬಂದಿದೆ ಎಂದೇ ಅರ್ಥ.

ಆಗ ಸಾಮಾನ್ಯವಾಗಿ ನಡೆಯುವುದೇನೆಂದರೆ, ಬೆಂಗಳೂರಿನಿಂದ ಇಬ್ಬರು ಮೂವರು ಮಾರಾಟಗಾರರನ್ನು ಕರೆಸಿ, ಪರದೆಯ ಮೇಲೆ ಬಣ್ಣಬಣ್ಣದ ಗ್ರಾಫ್ ನೋಡಿ, ಚೌಕಾಸಿ ಮಾಡಿ ಒಂದನ್ನು ಕೊಳ್ಳುವುದು. ಯೋಜನೆ ಅಲ್ಲಿಂದ ಶುರುವಾದರೆ ಕೆಟ್ಟಿತು. ಅದು ಶುರುವಾಗಬೇಕಾದದ್ದು ಬೇರೆ ಪ್ರಶ್ನೆಯಿಂದ: ಹಳೆ ಲೆಡ್ಜರ್ ಯಾವ ದಿನ ಮುಚ್ಚುತ್ತದೆ?

ದಿನ ಮೊದಲು, ಸಾಫ್ಟ್‌ವೇರ್ ಆಮೇಲೆ

ಈ ಮಾತಿಗೆ ಕರ್ನಾಟಕದಲ್ಲೇ ಒಳ್ಳೆಯ ಸಾಕ್ಷಿ ಇದೆ. ಪಹಣಿಯನ್ನು ಕಂಪ್ಯೂಟರಿಗೆ ತರುವ ಯತ್ನ 1990ರ ದಶಕದಲ್ಲಿ ಒಮ್ಮೆ ನಡೆದಿತ್ತು. ಆದರೆ ದಾಖಲೆ ದಿನನಿತ್ಯ ಬದಲಾಗುವ ತಾಲ್ಲೂಕು ಮಟ್ಟದಲ್ಲಿ ಕಂಪ್ಯೂಟರ್ ಕೂರಿಸುವ ಏರ್ಪಾಡು ಆಗ ಇರಲಿಲ್ಲ. ಒಂದು ಕಡೆ ನಮೂದು ನಡೆಯುತ್ತಿದ್ದರೆ ಇನ್ನೊಂದು ಕಡೆ ಕೈಬರಹದ ಪುಸ್ತಕ ಮುಂದಕ್ಕೆ ಓಡುತ್ತಿತ್ತು. ಯಂತ್ರದೊಳಗಿನ ಮಾಹಿತಿ ಹಳಸಿತು. ಆಮೇಲೆ ಬಂದ 'ಭೂಮಿ' ಯೋಜನೆ 177 ತಾಲ್ಲೂಕುಗಳ, ಸುಮಾರು 67 ಲಕ್ಷ ರೈತರ, 2 ಕೋಟಿಯಷ್ಟು ಪಹಣಿಗಳನ್ನು ದಡ ಮುಟ್ಟಿಸಿತು. ತಂತ್ರಜ್ಞಾನ ಸುಧಾರಿಸಿದ್ದೂ ಇದಕ್ಕೆ ಕಾರಣವೇ. ಆದರೆ ಅದಕ್ಕಿಂತ ದೊಡ್ಡದೆಂದರೆ, ಒಂದೊಂದೇ ತಾಲ್ಲೂಕಿನಲ್ಲಿ ಗಣಕೀಕೃತ ಪಹಣಿ ಜಾರಿಗೆ ಬಂದಾಗ ಅಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲವೆಂದು ಸರ್ಕಾರ ಸಾರಿದ್ದು. ಹಿಂದಕ್ಕೆ ಹೋಗುವ ದಾರಿ ಮುಚ್ಚಿತು. ಹಾಗೆ ಮುಚ್ಚುತ್ತದೆಂದು ಗೊತ್ತಿದ್ದುದರಿಂದಲೇ ಅದಕ್ಕೆ ಮುಂಚಿನ ಕೆಲಸ, ಅಂದರೆ ನಮೂದು, ಪರಿಶೀಲನೆ, ತಿದ್ದುಪಡಿ, ಮುಗಿಯಲೇಬೇಕಾಯಿತು.

ಕಂಪನಿಗೂ ಇದೇ ತರ್ಕ. ಎರಡು ಪುಸ್ತಕ ಒಟ್ಟಿಗೆ ಇದ್ದಷ್ಟು ದಿನ ಜನ ಕೈಗೆ ರೂಢಿಯಾದದ್ದರಲ್ಲೇ ಬರೆಯುತ್ತಾರೆ; ಹೊಸದರಲ್ಲಿ ಸಾಹೇಬರು ಕೇಳಿದಾಗ ತುಂಬಿಸುತ್ತಾರೆ. ಇದು ಸೋಮಾರಿತನವಲ್ಲ. ಎರಡು ಕಡೆ ಬರೆಯುವುದು ಇಮ್ಮಡಿ ಕೆಲಸ, ಅಷ್ಟೇ. ಮುಚ್ಚುವ ದಿನ ಒಂದಿದ್ದರೆ ಉಳಿದೆಲ್ಲವನ್ನೂ ಅಲ್ಲಿಂದ ಹಿಂದಕ್ಕೆ ಎಣಿಸಬಹುದು: ತರಬೇತಿ ಯಾವಾಗ, ಪರೀಕ್ಷೆ ಯಾವಾಗ, ಹೆಸರುಪಟ್ಟಿ ಶುದ್ಧಿ ಯಾವಾಗ, ಕೊಳ್ಳುವ ತೀರ್ಮಾನ ಯಾವಾಗ. ಹಾಗೆ ಎಣಿಸಿದಾಗ ಕೊಳ್ಳುವ ತೀರ್ಮಾನ ಮೂರು ತಿಂಗಳ ಹಿಂದೆಯೇ ಆಗಬೇಕಿತ್ತು ಎಂದು ಗೊತ್ತಾಗುವುದೂ ಉಂಟು. ಆಗ ಗುರುತಿಸಿದ ದಿನವನ್ನೇ ಮುಂದೂಡಬೇಕು. ಕಾಗದದ ಮೇಲೆ ಇದ್ದಾಗ ದಿನ ಮುಂದೂಡಲು ಖರ್ಚಿಲ್ಲ.

ಒತ್ತಡ ಎಲ್ಲಿಂದ ಬರುತ್ತಿದೆ

ದಿನ ಗೊತ್ತುಮಾಡುವ ಮೊದಲು, ಬದಲಾವಣೆ ಏಕೆ ಬೇಕಾಗಿದೆ ಎಂಬುದನ್ನು ಒಂದು ಸಾಲಿನಲ್ಲಿ ಬರೆದುಕೊಳ್ಳಬೇಕು. ಕಾರಣ ಯಾವುದೋ ಅದರ ಮೇಲೆ ಎಷ್ಟು ಕಾಲ ಕೈಯಲ್ಲಿದೆ ಎಂಬುದು ನಿಂತಿದೆ.

ಕಾನೂನಿನ ಒತ್ತಡಕ್ಕೆ ತಾರೀಕು ಖಚಿತ. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಯಾರಿಗೂ ಆಯ್ಕೆ ಇರಲಿಲ್ಲ. ಇ-ಇನ್‌ವಾಯ್ಸ್ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂತು: 2020ರ ಅಕ್ಟೋಬರ್ 1ರಿಂದ 500 ಕೋಟಿ ರೂಪಾಯಿ ಮೀರಿದ ವಹಿವಾಟಿಗೆ, 2021ರ ಜನವರಿಯಿಂದ 100 ಕೋಟಿ, ಏಪ್ರಿಲ್‌ನಿಂದ 50 ಕೋಟಿ, 2022ರ ಏಪ್ರಿಲ್‌ನಿಂದ 20 ಕೋಟಿ, ಅದೇ ವರ್ಷದ ಅಕ್ಟೋಬರ್‌ನಿಂದ 10 ಕೋಟಿ, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೆ. ಮೊದಲ ಮೆಟ್ಟಿಲು ಕಂಡಾಗಲೇ 'ಇದು ನಮ್ಮ ಬಾಗಿಲಿಗೂ ಬರುತ್ತದೆ' ಎಂದು ಎಣಿಸಿದ ಘಟಕಗಳಿಗೆ ಸುಮಾರು ಮೂರು ವರ್ಷ ಸಿಕ್ಕಿತ್ತು. ಹಾಗೆಯೇ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರಿನಲ್ಲಿ ಯಾರು, ಯಾವಾಗ, ಏನು ತಿದ್ದಿದರು ಎಂಬ ಜಾಡು ಉಳಿಯಬೇಕು, ಅದನ್ನು ಆರಿಸಿಡುವಂತಿಲ್ಲ ಎಂಬ ನಿಯಮ ಬಂತು. ಹಿಂದಿನ ತಿಂಗಳ ಬಿಲ್ಲನ್ನು ಸದ್ದಿಲ್ಲದೆ ತಿದ್ದಬಹುದಾದ ಹಳೆ ಸಾಫ್ಟ್‌ವೇರುಗಳ ಆಯುಷ್ಯ ಅಲ್ಲಿಗೆ ಮುಗಿಯಿತು.

ತಯಾರಕರ ಬೆಂಬಲ ನಿಲ್ಲುವುದು ಎರಡನೆಯ ಒತ್ತಡ. ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ನಿಂತಿತು. ದೊಡ್ಡ ಕಾರ್ಖಾನೆಗಳು ಬಳಸುವ ಎಸ್‌ಎಪಿಯ ಹಳೆ ಪೀಳಿಗೆಯ ಸಾಫ್ಟ್‌ವೇರ್ ಇಸಿಸಿಗೆ ಮುಖ್ಯ ಬೆಂಬಲ 2027ರ ಕೊನೆಯವರೆಗೆ. ದೊಡ್ಡ ಕಾರ್ಖಾನೆ ತನ್ನದನ್ನು ಬದಲಿಸಿದಾಗ ಅದಕ್ಕೆ ಮಾಲು ಕೊಡುವ ಸಣ್ಣವರ ಬಿಲ್ಲಿನ ನಮೂನೆ, ಬಾರ್‌ಕೋಡ್‌ಗಳೂ ಬದಲಾಗಬಹುದು. ಆದ್ದರಿಂದ ಗಿರಾಕಿ ಕಂಪನಿಯ ವೇಳಾಪಟ್ಟಿಯನ್ನು ಕೇಳಿ ತಿಳಿದಿರುವುದು ಜಾಣತನ.

ಮೂರನೆಯದು ಬೆಳವಣಿಗೆ. ಇದಕ್ಕೆ ತಾರೀಕು ಇರುವುದಿಲ್ಲ, ಅದಕ್ಕೇ ಅಪಾಯ ಹೆಚ್ಚು. ನರಸಾಪುರದ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ನಡೆದ ಗಲಭೆ ದೇಶಕ್ಕೆಲ್ಲ ಸುದ್ದಿಯಾಯಿತು. ಅಲ್ಪ ಕಾಲದಲ್ಲಿ ಕೆಲಸಗಾರರ ಸಂಖ್ಯೆ 5,000ದಿಂದ 10,500ಕ್ಕೆ ಏರಿತ್ತು, ಅಷ್ಟು ಜನರ ವ್ಯವಹಾರ ನೋಡಿಕೊಳ್ಳುವ ಏರ್ಪಾಡು ಅದಕ್ಕೆ ತಕ್ಕಂತೆ ಇರಲಿಲ್ಲ ಎಂದು ರಾಜ್ಯದ ಕಾರ್ಖಾನೆಗಳ ಇಲಾಖೆಯ ತಪಾಸಣೆ ಹೇಳಿತು. ಕೆಲಸದ ಅವಧಿ ನಿರ್ವಹಿಸುವ ಸರಿಯಾದ ಪದ್ಧತಿ ಜಾರಿಯಾಗದೆ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಕೆಲವರಿಗೆ ಸಂಬಳ ತಡವಾಯಿತೆಂದು ಆಪಲ್ ಕೂಡ ಪ್ರಕಟಿಸಿತು. ಅಲ್ಲಿ ಬೇರೆ ಕಾರಣಗಳೂ ಇದ್ದವು. ಎಲ್ಲವನ್ನೂ ಹಾಜರಿ ಯಂತ್ರದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಯೋಜಕರು ಗಮನಿಸಬೇಕಾದದ್ದು ಸ್ಪಷ್ಟ. 5,000 ಜನರಿಗೆ ಸರಿಹೋದ ವ್ಯವಸ್ಥೆ 10,000 ಜನರಿಗೆ ಎರಡು ಪಟ್ಟು ನಿಧಾನವಾಗುವುದಿಲ್ಲ, ಒಮ್ಮೆಗೇ ಕುಸಿಯುತ್ತದೆ. ಏಕೆಂದರೆ ತಪ್ಪುಗಳನ್ನು ಕೈಯಿಂದ ತಿದ್ದುವ ನಾಲ್ಕೈದು ಮಂದಿಯ ಸಾಮರ್ಥ್ಯಕ್ಕೆ ಒಂದು ಮಿತಿ ಇದೆ.

ಹೆಜ್ಜೆಗಳು

1. ಈಗಿರುವುದನ್ನು ಇದ್ದಹಾಗೆ ಬರೆಯುವುದು. ಒಂದು ಲಾರಿ ಮಾಲು ಗೇಟಿಗೆ ಬಂದಲ್ಲಿಂದ ಅದರ ಹಣ ಪಾವತಿಯಾಗುವ ತನಕ ಎಷ್ಟು ಕಡೆ, ಯಾರು, ಯಾವುದರಲ್ಲಿ ಬರೆಯುತ್ತಾರೆ ಎಂದು ಹಿಂದೆಯೇ ನಡೆದು ನೋಡಬೇಕು. ಮ್ಯಾನೇಜರ ಬಾಯಲ್ಲಿ ಕೇಳಿ ಬರೆದುಕೊಂಡರೆ ಸಾಲದು. ಅವರಿಗೆ ಗೊತ್ತಿರುವುದು ನಡೆಯಬೇಕಾದ ಕ್ರಮ, ನಡೆಯುತ್ತಿರುವ ಕ್ರಮವಲ್ಲ. ಗೋದಾಮಿನ ಹುಡುಗನ ಜೇಬಿನ ಸಣ್ಣ ಡೈರಿ ಅನೇಕ ಕಡೆ ಕಂಪನಿಯ ನಿಜವಾದ ಸ್ಟಾಕ್ ಪುಸ್ತಕವಾಗಿರುತ್ತದೆ. ಆ ಡೈರಿ ಹೊಸ ವ್ಯವಸ್ಥೆಯೊಳಗೆ ಬರದಿದ್ದರೆ ವ್ಯವಸ್ಥೆ ಬದಲಾದರೂ ಡೈರಿ ಮುಂದುವರಿಯುತ್ತದೆ.

2. ಬೇಕಾದ ವರದಿಗಳನ್ನು ಹಿಂದಿನಿಂದ ಹಿಡಿಯುವುದು. ಯಾವ ಐದಾರು ಅಂಕಿ ನೋಡಿ ಮಾಲೀಕರು ನಿಜವಾಗಿ ತೀರ್ಮಾನ ಮಾಡುತ್ತಾರೆ ಎಂದು ಪಟ್ಟಿ ಮಾಡಿ, ಪ್ರತಿ ಅಂಕಿಗೂ ಮೂಲ ದಾಖಲೆ ಯಾವುದು, ಅದನ್ನು ಬರೆಯುವವರು ಯಾರು ಎಂದು ಗುರುತಿಸಬೇಕು. ಮೂಲವೇ ಇಲ್ಲದ ವರದಿಯನ್ನು ಯಾವ ಸಾಫ್ಟ್‌ವೇರೂ ಕೊಡಲಾರದು. ವರ್ಷಗಟ್ಟಲೆ ಅಚ್ಚಾಗಿ ಯಾರೂ ಓದದ ವರದಿಗಳನ್ನು ಇಲ್ಲೇ ಕೈಬಿಡಬಹುದು.

3. ಒಬ್ಬರನ್ನು ಹೊಣೆ ಮಾಡುವುದು. ಅವರು ಕಂಪ್ಯೂಟರ್ ಬಲ್ಲವರೇ ಆಗಬೇಕಿಲ್ಲ. ವ್ಯವಹಾರ ಬಲ್ಲವರಾಗಿರಬೇಕು, ಬೇರೆ ವಿಭಾಗದವರು ಅವರ ಮಾತು ಕೇಳುವಂತಿರಬೇಕು. ಮುಖ್ಯವಾಗಿ, ಅವರ ದಿನದ ಕೆಲಸದಲ್ಲಿ ಅರ್ಧವನ್ನಾದರೂ ಇಳಿಸಬೇಕು. ಹಗಲೆಲ್ಲ ಎಂದಿನ ಕೆಲಸ, ಸಂಜೆ ಆರರ ಮೇಲೆ ಹೊಸ ಸಾಫ್ಟ್‌ವೇರ್ ಎಂದರೆ ಕೆಲಸ ಸಾಗುವುದಿಲ್ಲ.

4. ಹೆಸರುಪಟ್ಟಿ ಶುದ್ಧಿ. ಇಡೀ ಯೋಜನೆಯಲ್ಲಿ ಅತಿ ಹೆಚ್ಚು ಕಾಲ ತಿನ್ನುವುದು ಇದೇ, ಮಾರಾಟಗಾರರ ಅಂದಾಜುಪಟ್ಟಿಯಲ್ಲಿ ಅತಿ ಕಡಿಮೆ ಜಾಗ ಸಿಗುವುದೂ ಇದಕ್ಕೇ. ಗಿರಾಕಿ, ಪೂರೈಕೆದಾರ, ಸದಸ್ಯ, ಕೆಲಸಗಾರ, ಸಾಮಗ್ರಿ, ಪ್ರತಿ ಪಟ್ಟಿಯಲ್ಲೂ ಎರಡೆರಡು ಸಲ ಬಂದವು, ಸತ್ತುಹೋದವು, ಅರ್ಧ ತುಂಬಿದವು ಇರುತ್ತವೆ.

ಕೋಲಾರದ ಕಡೆ ಈ ಕೆಲಸ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಂದು ಹಾಲಿನ ಡೇರಿಯ ಸದಸ್ಯರ ಪಟ್ಟಿಯಲ್ಲಿ ಐದಾರು ಮುನಿಯಪ್ಪಂದಿರು ಇರುವುದು ಅಚ್ಚರಿಯಲ್ಲ. ವೆಂಕಟೇಶಪ್ಪ, ನಾರಾಯಣಸ್ವಾಮಿಗಳೂ ಹಾಗೆಯೇ. ಹಳೆ ಪಟ್ಟಿಯಲ್ಲಿ ಒಬ್ಬರು 'ಮುನಿಯಪ್ಪ', ಇನ್ನೊಬ್ಬರು 'ಮುನಿಯಪ್ಪ ವಿ', ಮತ್ತೊಬ್ಬರು 'ವಿ. ಮುನಿಯಪ್ಪ', ನಾಲ್ಕನೆಯವರು 'ಮುನಿಯಪ್ಪ ಬಿನ್ ವೆಂಕಟಪ್ಪ'. ಇವರು ನಾಲ್ವರೋ, ಇಬ್ಬರೋ, ಒಬ್ಬರೋ? ಬೆಂಗಳೂರಿನಲ್ಲಿ ಕುಳಿತ ತಂತ್ರಜ್ಞನಿಗೆ ಅದು ತಿಳಿಯುವುದಿಲ್ಲ. ಅವನ ಪ್ರೋಗ್ರಾಂ ನಾಲ್ಕನ್ನೂ ಒಂದೆಂದು ಬೆಸೆಯಬಹುದು ಅಥವಾ ಒಬ್ಬರನ್ನೇ ನಾಲ್ಕಾಗಿ ಉಳಿಸಬಹುದು. ಬೆಸೆದರೆ ಒಬ್ಬರ ಹಾಲಿನ ದುಡ್ಡು ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಊರಿನ ಕಾರ್ಯದರ್ಶಿಗೆ ಮಾತ್ರ ಒಂದೇ ನೋಟಕ್ಕೆ ಗೊತ್ತು: ಇವರು ಕೆರೆ ಕೆಳಗಿನ ತೋಟದವರು, ಇವರು ತೀರಿಕೊಂಡು ಮೂರು ವರ್ಷವಾಯಿತು, ಈಗ ಹಾಲು ಹಾಕುತ್ತಿರುವುದು ಅವರ ಸೊಸೆ. ಆದ್ದರಿಂದ ಶುದ್ಧಿಯ ಕೆಲಸವನ್ನು ಹೊರಗುತ್ತಿಗೆಗೆ ಕೊಡಬಾರದು. ಪಟ್ಟಿಯನ್ನು ಮುದ್ರಿಸಿ, ಹಳಬರನ್ನು ಕೂರಿಸಿ, ಸಾಲು ಸಾಲಾಗಿ ಓದಿಸಿ, ಪ್ರತಿ ಹಾಳೆಗೂ ಸಹಿ ತೆಗೆದುಕೊಳ್ಳಬೇಕು. ಹೆಸರಿನ ಮೇಲೆ ಅಲ್ಲ, ಸದಸ್ಯ ಸಂಖ್ಯೆಯ ಮೇಲೆ ಹೊಸ ವ್ಯವಸ್ಥೆ ನಿಲ್ಲಬೇಕು; ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆಗಳನ್ನು ಆ ಸಂಖ್ಯೆಗೆ ಕಟ್ಟಬೇಕು.

ಕನ್ನಡದಲ್ಲಿ ದಾಖಲೆ ಇಟ್ಟವರಿಗೆ ಇನ್ನೊಂದು ತಲೆನೋವು ಕಾದಿದೆ. ಹಿಂದೆ ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡವಾದರೂ ಕಂಪ್ಯೂಟರಿನ ಪಾಲಿಗೆ ಕನ್ನಡವಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ್ದು. ಅದನ್ನು ಯೂನಿಕೋಡ್ ಬಳಸುವ ಹೊಸ ವ್ಯವಸ್ಥೆಗೆ ನೇರ ಸುರಿದರೆ ಪರದೆಯ ಮೇಲೆ ಕಾಣುವುದು ಕಲಸುಮೇಲೋಗರ. ಪರಿವರ್ತಕಗಳಿವೆ, ಬಹುಪಾಲು ಸರಿಯಾಗಿಯೇ ಕೆಲಸ ಮಾಡುತ್ತವೆ, ಆದರೆ ಒತ್ತಕ್ಷರ ಮತ್ತು ಅರ್ಕಾವತ್ತು ಬಂದಲ್ಲಿ ಎಡವುತ್ತವೆ. 'ಕೃಷ್ಣಮೂರ್ತಿ'ಯಂಥ ಹೆಸರುಗಳನ್ನು ಮೊದಲು ಹಾಕಿ ನೋಡಿದರೆ ಪರಿವರ್ತಕದ ಯೋಗ್ಯತೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಅಕಾರಾದಿಯಾಗಿ ಜೋಡಿಸುವುದು, ಹುಡುಕುವುದು, ಮೊಬೈಲಿಗೆ ಕನ್ನಡದಲ್ಲಿ ಸಂದೇಶ ಕಳಿಸುವುದು, ಇವು ಮೂರೂ ನಡೆಯುತ್ತವೆಯೇ ಎಂದು ಕೊಳ್ಳುವ ಮುನ್ನವೇ ತೋರಿಸಿ ಎನ್ನಬೇಕು.

5. ಕೊಳ್ಳುವುದು. ಮೇಲಿನ ನಾಲ್ಕು ಹೆಜ್ಜೆ ಒಂದು ಹಂತಕ್ಕೆ ಬಂದ ಮೇಲೆಯೇ ಮಾರಾಟಗಾರರನ್ನು ಕರೆಯಬೇಕು. ಅವರ ಮಾದರಿ ಮಾಹಿತಿಯ ಮೇಲೆ ಅಲ್ಲ, ಕಂಪನಿಯದೇ ಒಂದು ತಿಂಗಳ ಮಾಹಿತಿಯ ಮೇಲೆ ಪ್ರದರ್ಶನ ಮಾಡಿಸಬೇಕು. ಕೆಲಸಗಾರರ ಆಧಾರ್, ಬ್ಯಾಂಕ್ ವಿವರಗಳನ್ನು ಮರೆಮಾಡಿಯೇ ಆ ಮಾಹಿತಿ ಕೊಡಬೇಕು. ಕರಾರಿನಲ್ಲಿ ನಾಲ್ಕು ಮಾತು ಬರಹದಲ್ಲಿರಲಿ: ಮಾಹಿತಿ ಕಂಪನಿಯದು, ಕೇಳಿದಾಗ ಬೇರೆಡೆ ಬಳಸಬಹುದಾದ ರೂಪದಲ್ಲಿ ಪೂರ್ತಿ ಕೊಡಬೇಕು, ಕೆಲಸ ಮುಗಿದಿದೆ ಎಂದು ಯಾವ ಅಳತೆಗೋಲಿನಿಂದ ಹೇಳುವುದು, ಕೊನೆಯ ಕಂತಿನ ಹಣ ಎರಡು ತಿಂಗಳ ಲೆಕ್ಕ ಸರಿಯಾಗಿ ಮುಚ್ಚಿದ ಮೇಲೆ ಮಾತ್ರ. ಬೆಂಬಲಕ್ಕೆ ಫೋನ್ ಎತ್ತುವವರು ಕನ್ನಡ ಬಲ್ಲವರೇ ಎಂಬ ಪ್ರಶ್ನೆ ಸಣ್ಣದಲ್ಲ; ರಾತ್ರಿ ಪಾಳಿಯಲ್ಲಿ ಫೋನ್ ಮಾಡುವವರು ಗೋದಾಮಿನ ಸಹಾಯಕರು, ಮ್ಯಾನೇಜರ್ ಅಲ್ಲ.

6. ಕೆಟ್ಟ ಉದಾಹರಣೆಗಳಿಂದ ಪರೀಕ್ಷೆ. ಸರಿಯಾದ ಬಿಲ್ಲನ್ನು ಯಾವ ಸಾಫ್ಟ್‌ವೇರ್ ಆದರೂ ಸರಿಯಾಗಿ ಮಾಡುತ್ತದೆ. ಪರೀಕ್ಷೆಗೆ ಬೇಕಾದದ್ದು ವಕ್ರವಾದವು. ತಿಂಗಳ 31ರ ರಾತ್ರಿ ಹತ್ತಕ್ಕೆ ಬೆರಳು ಒತ್ತಿ ಒಳಗೆ ಹೋದ ಕೆಲಸಗಾರ 1ರ ಬೆಳಿಗ್ಗೆ ಆರಕ್ಕೆ ಹೊರಗೆ ಬರುತ್ತಾನೆ. ಹೊಸ ವ್ಯವಸ್ಥೆ ಅವನನ್ನು ಒಂದು ದಿನ ಹಾಜರು ಎನ್ನುತ್ತದೆಯೋ, ಎರಡು ತಿಂಗಳಲ್ಲೂ ಅರ್ಧರ್ಧ ದಿನ ಎನ್ನುತ್ತದೆಯೋ, ಹೊರಹೋದ ಗುರುತಿಲ್ಲವೆಂದು ಗೈರುಹಾಜರಿ ಹಾಕುತ್ತದೆಯೋ? ಆ ರಾತ್ರಿ ಎರಡು ಗಂಟೆ ಹೆಚ್ಚುವರಿ ದುಡಿದಿದ್ದರೆ ಕಾನೂನಿನಂತೆ ಇಮ್ಮಡಿ ದರ ಬರುತ್ತದೆಯೇ? ತಿಂಗಳ ಮಧ್ಯೆ ಗುತ್ತಿಗೆಯಿಂದ ಕಂಪನಿಯ ಪಟ್ಟಿಗೆ ಬಂದವನಿಗೆ ಎರಡು ಸಂಬಳ ಚೀಟಿ ಹುಟ್ಟುತ್ತವೆಯೇ? ಇಂಥ ಇಪ್ಪತ್ತು ಮೂವತ್ತು ಪ್ರಸಂಗಗಳನ್ನು ಹಳೆ ಗುಮಾಸ್ತರು ಒಂದು ಮಧ್ಯಾಹ್ನದಲ್ಲಿ ಬರೆದುಕೊಡಬಲ್ಲರು.

ಪೈಸೆಗಳನ್ನೂ ಬಿಡಬಾರದು. ಡೇರಿಯೊಂದರಲ್ಲಿ 200 ಜನ ದಿನಕ್ಕೆ ಎರಡು ಹೊತ್ತು ಹಾಲು ಹಾಕಿದರೆ ದಿನಕ್ಕೆ 400 ನಮೂದು, ತಿಂಗಳಿಗೆ 12,000. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ಅಂಕಿಗಳನ್ನು ಹೊಸ ಸಾಫ್ಟ್‌ವೇರ್ ಬೇರೆ ರೀತಿಯಲ್ಲಿ ದುಂಡಾಗಿಸಿ ನಮೂದಿಗೆ 10 ಪೈಸೆ ವ್ಯತ್ಯಾಸ ಬಂದರೂ ತಿಂಗಳಿಗೆ 1,200 ರೂಪಾಯಿ. ಮೊತ್ತ ಸಣ್ಣದು, ಆದರೆ ಚೀಟಿ ಹಿಡಿದು ಬಂದ ರೈತರೊಬ್ಬರು 'ಯಂತ್ರ ಮೋಸ ಮಾಡುತ್ತದೆ' ಅಂದರೆ ಆ ಮಾತು ಸಂಜೆಯೊಳಗೆ ಊರೆಲ್ಲ ಸುತ್ತುತ್ತದೆ.

7. ಜೊತೆ ಓಟ. ಹಳೆಯದು, ಹೊಸದು ಎರಡನ್ನೂ ಒಂದು ಸಂಬಳದ ಸುತ್ತು ಒಟ್ಟಿಗೆ ಓಡಿಸಿ ಅಂಕಿಗಳನ್ನು ತಾಳೆ ನೋಡಬೇಕು. ವ್ಯತ್ಯಾಸ ಬಂದ ಕಡೆ ಹೊಸದೇ ತಪ್ಪು ಎಂದುಕೊಳ್ಳುವಂತಿಲ್ಲ. ವರ್ಷಗಳಿಂದ ಹಳೆಯದು ಮಾಡುತ್ತಿದ್ದ ತಪ್ಪು ಬಯಲಾಗುವುದೂ ಉಂಟು. ಆದರೆ ಎರಡು ಸುತ್ತು ಮೀರಬಾರದು. ಮೀರಿದರೆ ಜನ ಹಳೆಯದರಲ್ಲಿ ಬಂದ ಉತ್ತರವನ್ನು ನೋಡಿ ಹೊಸದಕ್ಕೆ ನಕಲು ಮಾಡತೊಡಗುತ್ತಾರೆ. ಆಗ ಎರಡೂ ತಾಳೆಯಾಗುತ್ತವೆ, ಪರೀಕ್ಷೆ ಮಾತ್ರ ಆಗಿರುವುದಿಲ್ಲ.

8. ಮುಚ್ಚುವ ದಿನ. ಶನಿವಾರ ಸಂಜೆ ಪಾಳಿ ಮುಗಿದ ಮೇಲೆ ಹಳೆಯದರಲ್ಲಿ ನಮೂದು ನಿಲ್ಲಬೇಕು. ರಾತ್ರಿ ಬ್ಯಾಕಪ್, ಸ್ಟಾಕಿನ ಎಣಿಕೆ. ಭಾನುವಾರ ಬೆಳಿಗ್ಗೆ ಬಾಕಿಗಳನ್ನು ಹೊಸದಕ್ಕೆ ಇಳಿಸಿ, ಒಟ್ಟು ಮೊತ್ತ, ಖಾತೆಗಳ ಸಂಖ್ಯೆ, ಯಾವುದಾದರೂ ಐವತ್ತು ಖಾತೆಗಳ ವಿವರ, ಈ ಮೂರನ್ನೂ ತಾಳೆ ನೋಡಬೇಕು. ಒಟ್ಟು ಮೊತ್ತ ಸರಿಬಂದ ಮಾತ್ರಕ್ಕೆ ನಂಬಬಾರದು. ಇಬ್ಬರು ಮುನಿಯಪ್ಪಂದಿರ ಬಾಕಿ ಅದಲುಬದಲಾದರೂ ಒಟ್ಟು ಸರಿಯಾಗಿಯೇ ಇರುತ್ತದೆ. ಭಾನುವಾರ ಮಧ್ಯಾಹ್ನ ಮೂರಕ್ಕೆ ಹೊಣೆ ಹೊತ್ತ ಒಬ್ಬರು 'ಮುಂದಕ್ಕೆ' ಅಥವಾ 'ವಾಪಸ್' ಎಂದು ಹೇಳಬೇಕು. ಯಾವ ಸ್ಥಿತಿಯಲ್ಲಿ ವಾಪಸ್ ಎಂಬುದನ್ನು ವಾರ ಮುಂಚೆಯೇ ಬರೆದಿಟ್ಟಿರಬೇಕು, ಏಕೆಂದರೆ ಆ ಹೊತ್ತಿನಲ್ಲಿ ರಾತ್ರಿಯೆಲ್ಲ ನಿದ್ದೆ ಕೆಟ್ಟವರಿಗೆ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದೆ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್‌ನ ಒಂದು ವಾರಾಂತ್ಯದಲ್ಲಿ ತನ್ನ 50 ಲಕ್ಷಕ್ಕೂ ಹೆಚ್ಚು ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಸುಮಾರು 19 ಲಕ್ಷ ಜನ ತಮ್ಮ ಖಾತೆಯೊಳಗೆ ಹೋಗಲಾಗದೆ ಹೊರಗುಳಿದರು, 2022ರಲ್ಲಿ ಬ್ಯಾಂಕು 4.865 ಕೋಟಿ ಪೌಂಡ್ ದಂಡ ತೆತ್ತಿತು.

ಯಾವ ತಿಂಗಳು

ಲೆಕ್ಕಪರಿಶೋಧಕರನ್ನು ಕೇಳಿದರೆ ಏಪ್ರಿಲ್ 1 ಎನ್ನುತ್ತಾರೆ. ಹೊಸ ವರ್ಷ, ಹೊಸ ಬಾಕಿ, ಅರ್ಧ ವರ್ಷದ ವ್ಯವಹಾರ ಸಾಗಿಸುವ ಗೋಜಿಲ್ಲ. ತರ್ಕ ಸರಿ, ಆದರೆ ಮಾರ್ಚ್ ಕೊನೆಯಲ್ಲಿ ಲೆಕ್ಕದ ಕೋಣೆಯವರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಹಳೆ ವರ್ಷ ಮುಚ್ಚುವುದು, ಹೊಸ ವ್ಯವಸ್ಥೆ ತೆರೆಯುವುದು ಎರಡನ್ನೂ ಅದೇ ನಾಲ್ಕು ಜನರ ಮೇಲೆ ಹೊರಿಸಿದಂತಾಗುತ್ತದೆ.

ಈ ಸೀಮೆಯಲ್ಲಿ ಹಣಕಾಸಿನ ಪಂಚಾಂಗಕ್ಕಿಂತ ಬೆಳೆಯ ಪಂಚಾಂಗ ಮುಖ್ಯ. ಕೋಲಾರ ಎಪಿಎಂಸಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಟೊಮೆಟೊ ಸುಗ್ಗಿ, 15 ಕೆ.ಜಿ. ಬಾಕ್ಸುಗಳು ರಾಶಿ ಬೀಳುವ ಆ ದಿನಗಳಲ್ಲಿ ಮಂಡಿಯವರ ಕೈಗೆ ಹೊಸ ಪರದೆ ಕೊಡುವುದು ಶತ್ರುವೂ ಮಾಡದ ಕೆಲಸ. ಶ್ರೀನಿವಾಸಪುರದ ಮಾವಿಗೆ ಮೇ, ಜೂನ್, ಜುಲೈ. ದ್ವಿಚಕ್ರ ವಾಹನದ ಬಿಡಿಭಾಗ ಮಾಡುವವರಿಗೆ ದಸರಾ, ದೀಪಾವಳಿಗೆ ಮುಂಚಿನ ತಿಂಗಳುಗಳು ಬಿಡುವಿಲ್ಲದವು. ಇವನ್ನೆಲ್ಲ ಕಳೆದರೆ ಡಿಸೆಂಬರ್ 1 ಅಥವಾ ಜನವರಿ 1 ಉಳಿಯುತ್ತವೆ. ತಿಂಗಳೊಳಗೆ ಸಂಬಳಕ್ಕೆ 7, ಜಿಎಸ್‌ಟಿಗೆ 11 ಮತ್ತು 20, ಪಿಎಫ್ ಮತ್ತು ಇಎಸ್‌ಐಗೆ 15, ಇವು ಮುಟ್ಟಬಾರದ ತಾರೀಕುಗಳು. ತರಬೇತಿಯನ್ನು 21ರ ನಂತರದ ವಾರಕ್ಕೆ ಇಟ್ಟುಕೊಂಡರೆ ಜನ ಸಿಗುತ್ತಾರೆ. ಆಯುಧಪೂಜೆಯ ದಿನ ಹೊಸ ಸರ್ವರಿಗೆ ಕುಂಕುಮ ಹಚ್ಚಿ ಅವತ್ತೇ ಶುರುಮಾಡುವ ಆಸೆ ಅನೇಕರಿಗೆ. ಪೂಜೆ ಅವತ್ತು ಆಗಲಿ, ಲೆಡ್ಜರ್ ಡಿಸೆಂಬರ್‌ನಲ್ಲಿ ಮುಚ್ಚಲಿ.

ಸುಗ್ಗಿಯಲ್ಲಿ ಕೈಹಾಕಿ ಸುಟ್ಟುಕೊಂಡವರ ದೊಡ್ಡ ಉದಾಹರಣೆ ಅಮೆರಿಕದ ಹರ್ಷೀಸ್ ಚಾಕೊಲೇಟ್ ಕಂಪನಿ. ನಾಲ್ಕು ವರ್ಷ ಹಿಡಿಯುವ ಕೆಲಸವನ್ನು ಎರಡೂವರೆ ವರ್ಷಕ್ಕೆ ಹಿಂಡಿ, 1999ರ ಬೇಸಿಗೆಯಲ್ಲಿ, ಹ್ಯಾಲೊವೀನ್ ಹಬ್ಬದ ಆರ್ಡರುಗಳು ಬರುವ ಹೊತ್ತಿಗೇ ಹೊಸ ವ್ಯವಸ್ಥೆ ಚಾಲೂ ಮಾಡಿದರು. ಗೋದಾಮಿನಲ್ಲಿ ಮಾಲಿತ್ತು, ಆದರೆ 10 ಕೋಟಿ ಡಾಲರಿಗೂ ಹೆಚ್ಚಿನ ಆರ್ಡರುಗಳಿಗೆ ಕಳಿಸಲಾಗಲಿಲ್ಲ.

ಸಾಮಾನ್ಯ ತಪ್ಪುಗಳು

ಹೊಸದನ್ನು ಹಳೆಯದರಂತೆ ಮಾಡಿಸುವುದು ಮೊದಲನೆಯದು. 'ನಮಗೆ ಹಳೆ ಪರದೆಯೇ ಬೇಕು' ಎಂಬ ಬೇಡಿಕೆ ಪ್ರತಿ ವಿಭಾಗದಿಂದಲೂ ಬರುತ್ತದೆ. ಪ್ರತಿ ಮಾರ್ಪಾಡೂ ಮುಂದಿನ ಪರಿಷ್ಕರಣೆಯಲ್ಲಿ ಮತ್ತೆ ದುಡ್ಡು ಕೇಳುತ್ತದೆ. ತಿಂಗಳಿಗೆ ಎಷ್ಟು ಸಲ ಬೇಕಾಗುತ್ತದೆ ಎಂದು ಬೇಡಿಕೆಯ ಪಕ್ಕ ಬರೆಸಿದರೆ ಅರ್ಧಕ್ಕರ್ಧ ತಾನಾಗಿ ಉದುರುತ್ತವೆ.

ತರಬೇತಿಯನ್ನು ತೀರಾ ಮುಂಚೆ ಕೊಡುವುದು ಇನ್ನೊಂದು. ಎರಡು ತಿಂಗಳ ಮುಂಚೆ ಕಲಿಸಿದ್ದು ಮುಚ್ಚುವ ದಿನದ ಹೊತ್ತಿಗೆ ಮರೆತಿರುತ್ತದೆ. ಹತ್ತು ದಿನ ಮುಂಚೆ, ಅವರವರ ಕೆಲಸಕ್ಕೆ ಬೇಕಾದ ಮೂರು ನಾಲ್ಕು ಪರದೆಗಳನ್ನು ಮಾತ್ರ, ಅವರ ಕೈಯಲ್ಲೇ ಮಾಡಿಸಿದರೆ ನಿಲ್ಲುತ್ತದೆ.

ಖರ್ಚಿನ ಅಂದಾಜಿನಲ್ಲಿ ಲೈಸೆನ್ಸು, ಯಂತ್ರಗಳನ್ನಷ್ಟೇ ಹಿಡಿಯುವುದು ಮತ್ತೊಂದು. ವಾರ್ಷಿಕ ನಿರ್ವಹಣೆ, ಹೆಸರುಪಟ್ಟಿ ಶುದ್ಧಿಗೆ ಹೋಗುವ ಜನರ ದಿನಗಳು, ಕರೆಂಟ್ ಹೋದಾಗ ತಡೆಯುವ ಯುಪಿಎಸ್, ಎರಡನೆಯ ಇಂಟರ್‌ನೆಟ್ ಸಂಪರ್ಕ, ಇವು ಎಲ್ಲೂ ಬರೆದಿರುವುದಿಲ್ಲ. ನೆಟ್ ಹೋದರೂ ಒಂದು ಹೊತ್ತಿನ ವ್ಯವಹಾರ ದಾಖಲಿಸಿಕೊಂಡು ಆಮೇಲೆ ಸೇರಿಸುವ ಏರ್ಪಾಡಿಲ್ಲದ ಸಾಫ್ಟ್‌ವೇರ್, ಬೆಳಗಿನ ಜಾವ ಹಾಲು ಅಳೆಯುವ ಡೇರಿಗೆ ಉಪಯೋಗವಿಲ್ಲ.

ಒಬ್ಬರದೇ ಪಾಸ್‌ವರ್ಡಿನಲ್ಲಿ ಎಲ್ಲರೂ ಕೆಲಸ ಮಾಡುವ ರೂಢಿಯನ್ನು ಹೊಸದಕ್ಕೂ ತರುವುದು ಕೊನೆಯದು, ಮತ್ತು ಗಂಭೀರವಾದದ್ದು. ಯಾರು ತಿದ್ದಿದರು ಎಂಬ ಜಾಡಿಗೆ ಆಗ ಅರ್ಥವೇ ಇರುವುದಿಲ್ಲ. ಭೂಮಿ ಯೋಜನೆಯಲ್ಲಿ ಸಿಬ್ಬಂದಿಗೆ ಬೆರಳಚ್ಚಿನ ಪ್ರವೇಶ ಇಟ್ಟದ್ದು ಈ ಕಾರಣಕ್ಕೇ.

ಸಣ್ಣ ಸಂಘಗಳಿಗೆ

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಪರಿಸ್ಥಿತಿ ತುಸು ಬೇರೆ. 63,000 ಸಂಘಗಳನ್ನು ಒಂದೇ ರಾಷ್ಟ್ರೀಯ ಸಾಫ್ಟ್‌ವೇರಿಗೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಿತು. ಜಾರಿಯ ಹೊಣೆ ನಬಾರ್ಡಿನದು. ಇಲ್ಲಿ ಸಾಫ್ಟ್‌ವೇರಿನ ಆಯ್ಕೆ ಸಂಘದ ಕೈಯಲ್ಲಿಲ್ಲ. ಕೈಯಲ್ಲಿರುವುದು 4, 6, 7ನೇ ಹೆಜ್ಜೆಗಳು. ಸದಸ್ಯರ ಸಾಲ, ಷೇರು, ಠೇವಣಿಗಳ ಬಾಕಿಯನ್ನು ಮುದ್ರಿಸಿ, ಸಾಗಿಸುವ ಮುನ್ನ ಸದಸ್ಯರಿಗೆ ತೋರಿಸಿ ಸಹಿ ಪಡೆದ ಸಂಘಕ್ಕೆ ಆಮೇಲೆ ತಕರಾರು ಕಡಿಮೆ. ತಪ್ಪು ಬಾಕಿ ಒಮ್ಮೆ ಒಳಗೆ ಹೋದರೆ ಅದನ್ನು ತಿದ್ದುವ ಅಧಿಕಾರ ಕಾರ್ಯದರ್ಶಿಯ ಮೇಜಿನಿಂದ ದೂರ ಹೋಗಿರುತ್ತದೆ.

ಹಳೆ ಯಂತ್ರ

ಮುಚ್ಚಿದ ಮೇಲೆ ಮೊದಲ ತಿಂಗಳ ಕೊನೆಗೆ ಬರುವ ವರದಿ ಸರಿ ಇರುವುದಿಲ್ಲ. ಅದನ್ನು ಮೊದಲೇ ಎಣಿಸಿ ಆ ವಾರ ಯಾರಿಗೂ ರಜೆ ಕೊಡದೆ, ಮಾರಾಟಗಾರರ ಕಡೆಯ ಒಬ್ಬರನ್ನು ಸ್ಥಳದಲ್ಲೇ ಇರಿಸಿಕೊಳ್ಳಬೇಕು. ಎರಡನೆಯ ತಿಂಗಳೂ ಮುಚ್ಚಿದ ಮೇಲೆ ಕೊನೆಯ ಕಂತು.

ಹಳೆ ಕಂಪ್ಯೂಟರನ್ನು ಗುಜರಿಗೆ ಹಾಕುವಂತಿಲ್ಲ. ಕಂಪನಿ ಕಾಯ್ದೆಯಂತೆ ಲೆಕ್ಕದ ಪುಸ್ತಕಗಳು 8 ವರ್ಷ, ಜಿಎಸ್‌ಟಿ ದಾಖಲೆಗಳು ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇರಬೇಕು. ಓದಲು ಮಾತ್ರ ಬರುವಂತೆ ಮಾಡಿ, ನೆಟ್ಟಿನಿಂದ ಬಿಡಿಸಿ, ಒಂದು ಪ್ರತಿಯನ್ನು ಬೇರೆ ಕಟ್ಟಡದಲ್ಲಿ ಇಡಬೇಕು. ಮೂರು ತಿಂಗಳಿಗೊಮ್ಮೆ ಅದನ್ನು ಚಾಲೂ ಮಾಡಿ ಯಾವುದಾದರೂ ಹಳೆಯ ಬಿಲ್ಲೊಂದನ್ನು ಮುದ್ರಿಸಿ ನೋಡಬೇಕು. ಪಾಸ್‌ವರ್ಡ್ ಗೊತ್ತಿರುವ ಗುಮಾಸ್ತರು ನಿವೃತ್ತರಾಗುವ ಮೊದಲು ಅದನ್ನು ಬರೆಸಿ, ಲಕೋಟೆಯಲ್ಲಿಟ್ಟು, ಬೀರುವಿಗೆ ಸೇರಿಸಬೇಕು.